ಅಕ್ಕಯ್ಯ ತುಂಬಿದ ಸಂದುಗಳು

ರೋಗವನ್ನು ಬೇಕೆಂದೇ ಬೆಳೆಸುವವನಿಗೆ ಹೊಲ ಕೊಡುವ ರೈತ ಸಿಗುವುದು ಸುಲಭವಲ್ಲ. ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ ಸೈಕಲ್ಲು ತುಳಿದುಕೊಂಡು ಹೋಗಿ, ಸಿಕ್ಕ ಸಿಕ್ಕ ಹಳ್ಳಿಯಲ್ಲೆಲ್ಲ ಕೇಳಿದೆ. "ಒಂದು ತುಂಡು ಹೊಲ ಬೇಕು, ರಾಗಿ ಹಾಕುತ್ತೇನೆ, ಆಮೇಲೆ ಅದಕ್ಕೆ ಬೆಂಕಿ ರೋಗ ಹತ್ತಿಸುತ್ತೇನೆ" ಎಂದರೆ ಯಾರು ತಾನೆ ಒಪ್ಪುತ್ತಾರೆ? ಕೆಲವರು ಮಜ್ಜಿಗೆ ಕೊಟ್ಟು ಕಳಿಸಿದರು, ಕೆಲವರು ಅದನ್ನೂ ಕೊಡದೆ ಕಳಿಸಿದರು. ಮುದುಕರೊಬ್ಬರಂತೂ ನನ್ನ ಹಣೆ ಮುಟ್ಟಿ ನೋಡಿ, ಬಿಸಿಲಲ್ಲಿ ಜಾಸ್ತಿ ತಿರುಗಬೇಡಪ್ಪ ಎಂದರು.

ಬೆಂಕಿ ರೋಗವೆಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ರಾಗಿಯ ಎಲೆಯ ಮೇಲೆ ಕಣ್ಣಿನ ಆಕಾರದ ಬೂದು ಮಚ್ಚೆ ಏಳುತ್ತದೆ. ಎಳೆಯ ಪೈರಾದರೆ ನಾಲ್ಕೈದು ದಿನದಲ್ಲಿ ಸುಟ್ಟ ಹಾಗೆ ಒಣಗಿ ಸಾಯುತ್ತದೆ. ಬೆಳೆದ ಪೈರಾದರೆ ತೆನೆಯ ಕುತ್ತಿಗೆ ಕಪ್ಪಾಗಿ, ತೆನೆ ಜೊಳ್ಳಾಗಿ ಜೋತುಬೀಳುತ್ತದೆ. ಅದಕ್ಕೆ ಮದ್ದಿರಲಿಲ್ಲ. ರೋಗ ತಡೆಯುವ ರಾಗಿಯನ್ನೇ ಹುಟ್ಟಿಸಬೇಕು ಎಂಬುದು ನಮ್ಮ ಸಾಹೇಬರ ಹಟ. ಅವರು ಬೆಂಗಳೂರಿನಲ್ಲಿದ್ದ ಮೇಲಧಿಕಾರಿ. ನಾನು ಅವರ ಕೈಕೆಳಗಿನ ಫೀಲ್ಡ್ ಅಸಿಸ್ಟೆಂಟು, ವಯಸ್ಸು ಇಪ್ಪತ್ತಾರು, ಸ್ವಂತಕ್ಕೆ ಇದ್ದದ್ದು ಒಂದು ಸೈಕಲ್ಲು ಮತ್ತು ಬೇಕಾದಷ್ಟು ಜಂಬ.

ಕೊನೆಗೆ ಒಪ್ಪಿದ್ದು ಮುಳಬಾಗಿಲಿನಿಂದ ಎರಡು ಹರದಾರಿ ದೂರದ ಒಂದು ಮನೆ. ಒಪ್ಪಿದವರು ಮನೆಯ ಯಜಮಾನರಲ್ಲ, ಅವರ ಅಕ್ಕ. ಐವತ್ತು ದಾಟಿದ ಹೆಂಗಸು. ಊರಿಗೆ ಊರೇ ಅವರನ್ನು ಅಕ್ಕಯ್ಯ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮನೆಯ ಬೀಜವೆಲ್ಲ ಅಕ್ಕಯ್ಯನ ಕೈಯಲ್ಲಿ. ಕಣದಲ್ಲಿ ತೆನೆ ಆರಿಸುವುದು, ಬೂದಿ ಬೆರೆಸಿ ಮಡಕೆಗೆ ತುಂಬುವುದು, ಬಿತ್ತುವ ದಿನ ಅಳೆದು ಕೊಡುವುದು, ಎಲ್ಲವೂ ಅವರೇ. ಅವರ ರಾಗಿಯ ತೆನೆ ಮುಷ್ಟಿ ಹಿಡಿದಂತೆ ದುಂಡಗೆ, ಹಿಟ್ಟು ನುಣುಪು. ಆ ಹಿಟ್ಟಿನ ಮುದ್ದೆ ತಿಂದವನಿಗೆ ಬೇರೆ ಮನೆಯ ಮುದ್ದೆ ರುಚಿಸುವುದಿಲ್ಲ. ಇದನ್ನು ನಾನು ಉಂಡ ಋಣಕ್ಕೆ ಹೇಳುತ್ತಿಲ್ಲ. ಆದರೆ ಆ ರಾಗಿಗೆ ಬೆಂಕಿ ರೋಗ ಬೇಗ ಹತ್ತುತ್ತಿತ್ತು. ಸತತ ನಾಲ್ಕು ವರ್ಷ ಅರ್ಧ ಹೊಲ ಸುಟ್ಟಿತ್ತು. ಯಜಮಾನರು ಬೇಸತ್ತು, ಇನ್ನೆರಡು ವರ್ಷ ನೋಡುತ್ತೇನೆ, ಆಮೇಲೆ ಈ ಬೀಜ ಬಿಟ್ಟು ಕೋಲಾರದಿಂದ ಬೇರೆ ತರಿಸುತ್ತೇನೆ ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದರು. ನಾನು ಹೋದದ್ದು ಅದೇ ಹೊತ್ತಿಗೆ.

"ರೋಗ ಇರೋ ಮನೇಗೇ ಅಲ್ವಾ ನಾಯ್ನಾ ವೈದ್ಯ ಬರಬೇಕಾದ್ದು?" ಎಂದರು ಅಕ್ಕಯ್ಯ. ನಾಯ್ನಾ ಎಂದರೆ ಆ ಕಡೆಯ ತೆಲುಗಿನಲ್ಲಿ ಅಪ್ಪಾ ಎಂದ ಹಾಗೆ. "ನಮ್ಮ ರಾಗಿ ಹೆಂಗೂ ಸಾಯ್ತಾ ಐತೆ. ನಿಮ್ಮ ಕೈಲೂ ಒಂದ್ಸಲ ಸಾಯ್ಲಿ, ನೋಡೋಣ."

ಹಾಗೆ ನಮ್ಮ ಕೆಲಸ ಶುರುವಾಯಿತು. ನನ್ನ ಊಟ, ವಸತಿಯೂ ಅದೇ ಮನೆಯಲ್ಲಾಯಿತು.

ರೋಗ ತಡೆಯುವ ರಾಗಿಯೊಂದನ್ನು ನಾನು ಅದಕ್ಕೆ ಮೊದಲೇ ಗಡಿಯ ಕಡೆಯ ಗುಡ್ಡದ ಹೊಲವೊಂದರಲ್ಲಿ ಕಂಡಿದ್ದೆ. ಅದರ ಕಾಂಡದ ಗಿಣ್ಣು, ಎಲೆಯ ಬುಡ ಎಲ್ಲ ನೇರಳೆ ಬಣ್ಣ. ಸುತ್ತ ಮುತ್ತಲಿನ ರಾಗಿ ಸುಟ್ಟುಹೋದರೂ ಅದು ಅಲುಗದೆ ನಿಂತಿತ್ತು. ಆದರೆ ಕಾಳು ಸಣ್ಣದು, ತೆನೆ ಬಿಚ್ಚಿಕೊಂಡಿತ್ತು, ಹಿಟ್ಟು ಕಪ್ಪು. ಒಂದು ಸೇರು ತಂದು ಅಕ್ಕಯ್ಯನಿಗೆ ಕೊಟ್ಟೆ. ಅವರು ಬೀಸಿ, ಮುದ್ದೆ ಕಟ್ಟಿ, ಬಾಯಿಗಿಟ್ಟು, ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಕಂಬದ ಬಿರುಕಿಗೆ ಮೆತ್ತೋಕೆ ಚೆನ್ನಾಗೈತೆ" ಎಂದರು. ನೇರಳೆ ಕಾಂಡದ ರಾಗಿ ಯಾವುದಾದರೂ ಅಷ್ಟೇ, ಮುದ್ದೆ ಕೂಡುವುದಿಲ್ಲ, ಹುಲ್ಲನ್ನು ದನ ಮೂಸುವುದಿಲ್ಲ ಎಂಬುದು ಆ ಕಡೆಯ ಹೆಂಗಸರ ನಂಬಿಕೆ. ನಿಜವೋ ಸುಳ್ಳೋ, ನೇರಳೆ ರಾಗಿಯನ್ನು ಯಾರೂ ಬಿತ್ತುತ್ತಿರಲಿಲ್ಲ. ಆದ್ದರಿಂದ ನಮಗೆ ಬೇಕಾದದ್ದು ಇಷ್ಟೇ: ನೇರಳೆಯ ಗಟ್ಟಿತನ ಇರಬೇಕು, ಹಸಿರು ಕಾಂಡ ಇರಬೇಕು, ಅಕ್ಕಯ್ಯನ ರಾಗಿಯ ತೆನೆ ಇರಬೇಕು. ಕೇಳುವುದಕ್ಕೆ ಏನು, ಕೇಳಬಹುದು.

ರಾಗಿಯ ಹೂವು ಸಾಸಿವೆಗಿಂತ ಚಿಕ್ಕದು. ಅದರೊಳಗಿನ ಗಂಡು ಭಾಗವನ್ನು ಚಿಮುಟದಲ್ಲಿ ತೆಗೆಯಲು ಹೋಗಿ ಒಂದು ವಾರ ಕಣ್ಣು ಕೆಡಿಸಿಕೊಂಡೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆಮೇಲೆ ಸಾಹೇಬರು ಹೇಳಿಕೊಟ್ಟ ಸುಲಭದ ದಾರಿ ಹಿಡಿದೆ. ಒಂದೇ ಹದದಲ್ಲಿ ಹೂ ಬಿಡುತ್ತಿರುವ ಒಂದು ಹಸಿರು ತೆನೆ, ಒಂದು ನೇರಳೆ ತೆನೆ ಹುಡುಕಿ, ಎರಡನ್ನೂ ತಬ್ಬಿಸಿ ದಾರ ಕಟ್ಟಿ, ಮೇಲೆ ಎಣ್ಣೆ ಕಾಗದದ ಚೀಲ ಹಾಕಿ ಬಿಡುವುದು. ಪರಾಗ ತಾನಾಗಿ ಅತ್ತಿತ್ತ ಹೋಗುತ್ತದೆ. ಹಸಿರು ತೆನೆಯ ಕಾಳನ್ನು ಬಿತ್ತಿದರೆ ಸಾವಿರಾರು ಸಸಿ ಹಸಿರಾಗಿಯೇ ಏಳುತ್ತವೆ, ಅವು ತಾಯಿಯ ಸ್ವಂತ ಮಕ್ಕಳು. ಎಲ್ಲೋ ಒಂದೆರಡು ಸಸಿಯ ಬುಡ ನೇರಳೆಯಾಗಿರುತ್ತದೆ. ಅವೇ ಕೂಡಿಕೆಯ ಮಕ್ಕಳು, ಏಕೆಂದರೆ ಮೊದಲ ತಲೆಮಾರಿನಲ್ಲಿ ನೇರಳೆ ಬಣ್ಣ ಹಸಿರನ್ನು ಮುಚ್ಚಿಬಿಡುತ್ತದೆ. ಅಕ್ಕಯ್ಯ ಈ ಕಟ್ಟಿದ ತೆನೆಗಳನ್ನು ನೋಡಿ, "ಮುಸುಕು ಹಾಕಿ ಮದುವೆ ಮಾಡ್ತಾರೆ ಇವ್ರು, ಓಲಗ ಒಂದಿಲ್ಲ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮೊದಲ ನೇರಳೆ ಸಸಿ ಕಂಡದ್ದೂ ಅವರಿಗೇ. ನಾನು ಎರಡು ಸಲ ನೋಡಿ ದಾಟಿ ಹೋಗಿದ್ದೆ.

ಒಟ್ಟು ಮೂರು ನೇರಳೆ ಸಸಿ ಸಿಕ್ಕವು. ಅವನ್ನು ಬೇಸಿಗೆಯಲ್ಲಿ ಬಾವಿಯ ಪಕ್ಕ ಕುಂಡದಲ್ಲಿ ಬೆಳೆಸಿ ಬೀಜ ಕಟ್ಟಿದೆವು. ಆ ಬೀಜದಿಂದ ಹುಟ್ಟುವ ಮೊಮ್ಮಕ್ಕಳಲ್ಲಿ ಎಲ್ಲವೂ ಬಿಚ್ಚಿಕೊಳ್ಳುತ್ತದೆ: ಮೂರು ಪಾಲು ನೇರಳೆ, ಒಂದು ಪಾಲು ಹಸಿರು; ಹಾಗೆಯೇ ರೋಗ ತಡೆಯುವವು ಕೆಲವು, ಸಾಯುವವು ಕೆಲವು. ಸಾಹೇಬರ ಪ್ರಶ್ನೆ ಇದ್ದದ್ದು ಅಲ್ಲಿ. ಬಣ್ಣವೂ ಗಟ್ಟಿತನವೂ ಒಂದೇ ಗಾಡಿಯಲ್ಲಿ ಬಂದ ನೆಂಟರೋ, ಬೇರೆ ಬೇರೆ ಗಾಡಿಯಲ್ಲಿ ಬಂದವರೋ? ಒಂದೇ ಗಾಡಿಯವರಾದರೆ ಹಸಿರೆಲ್ಲ ಸಾಯುತ್ತದೆ, ನೇರಳೆಯೆಲ್ಲ ಉಳಿಯುತ್ತದೆ, ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಬೇರೆ ಬೇರೆಯಾದರೆ ಸತ್ತವುಗಳಲ್ಲಿ ಎರಡು ಬಣ್ಣವೂ ಅದೇ ಪಾಲಿನಲ್ಲಿ ಇರುತ್ತವೆ, ಬದುಕಿದ ಹಸಿರು ಒಂದಷ್ಟು ನಮಗೆ ಸಿಗುತ್ತವೆ.

"ಈ ಮುಂಗಾರಿನಲ್ಲಿ ಸ್ಪಷ್ಟವಾದ ಲೆಕ್ಕ ಕೊಡು. ಇಲ್ಲದಿದ್ದರೆ ಈ ಹೊಲ ಮುಚ್ಚಿಬಿಡೋಣ. ಮೇಲಿನವರಿಗೆ ನಾನು ಇನ್ನೆಷ್ಟು ಸಲ ಸಮಾಧಾನ ಹೇಳಲಿ?" ಎಂದರು ಸಾಹೇಬರು. ಯಜಮಾನರು ಕೊಟ್ಟ ಗಡುವೂ ಅದೇ ವರ್ಷಕ್ಕೆ ಮುಗಿಯುತ್ತಿತ್ತು.

ಪುನರ್ವಸು ಮಳೆಗೆ ಬಿತ್ತಿದೆ. ಹನ್ನೆರಡು ಸಾಲು, ಸಾಲಿಗೆ ಮೂವತ್ತು ಗುಳಿ. ಕೂರಿಗೆಯನ್ನೂ ಹೂಡಲಿಲ್ಲ, ಪೈರನ್ನೂ ನಾಟಿ ಮಾಡಲಿಲ್ಲ. ಕಡ್ಡಿಯಿಂದ ಗುಳಿ ಮಾಡಿ ನನ್ನ ಕೈಯಿಂದಲೇ ಕಾಳು ಹಾಕಿದೆ. ಮೊಳೆತ ಮೇಲೆ ಗುಳಿಗೆ ಒಂದೇ ಸಸಿ ಉಳಿಸಿದೆ. ಪ್ರತಿ ಸಾಲಿನ ತಲೆಯಲ್ಲಿ ನಂಬರಿನ ಗೂಟ. ಸಸಿ ಗೇಣುದ್ದವಾಗುವ ಮೊದಲೇ ಮಂಡಿಯೂರಿ ಒಂದೊಂದರ ಬುಡ ನೋಡಿ, ಪುಸ್ತಕದಲ್ಲಿ ಆ ಗುಳಿಯ ಎದುರಿಗೆ 'ನೇ' ಅಥವಾ 'ಹ' ಎಂದು ಬರೆದೆ. ಆಮೇಲೆ ರೋಗ ಹತ್ತಿದ ಎಲೆಗಳನ್ನು ಬೇರೆ ಹೊಲಗಳಿಂದ ತಂದು ನೀರಿನಲ್ಲಿ ಕಿವುಚಿ, ಸೋಸಿ, ಸಂಜೆಯ ತಂಪಿನಲ್ಲಿ ಪೊರಕೆ ಕಡ್ಡಿಯಿಂದ ಚಿಮುಕಿಸಿದೆ. ತೇವ ಆರದ ಹಾಗೆ ಒದ್ದೆ ಗೋಣಿ ಹೊದಿಸಿದೆ. ಪಕ್ಕದ ಹೊಲದವರು ಗೊಣಗಿದರು. ನಡುವೆ ನಾಲ್ಕು ಸಾಲು ಹರಳಿನ ಗಿಡ ಇದೆಯಲ್ಲ ಎಂದು ಅಕ್ಕಯ್ಯ ಅವರ ಬಾಯಿ ಮುಚ್ಚಿಸಿದರು.

ಐದನೇ ದಿನ ಮೊದಲ ಬೂದು ಮಚ್ಚೆ ಕಾಣಿಸಿತು. ರೋಗ ಬಂತೆಂದು ಸಂತೋಷಪಟ್ಟವನು ಆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಇನ್ನು ಹತ್ತು ದಿನ ಬಿಟ್ಟು ಸತ್ತವುಗಳನ್ನು ಎಣಿಸಿದರೆ ಆಯಿತು ಎನ್ನುವಾಗ ಸಾಹೇಬರ ಕಾಗದ ಬಂತು: ಮಾಲೂರಿನ ಕಡೆ, ಮಾಸ್ತಿಯ ಹತ್ತಿರ ಇನ್ನೊಂದು ಪ್ರಯೋಗದ ಹೊಲವನ್ನು ಕೂಡಲೇ ನೋಡಿ ಬರಬೇಕು. ಹೊರಡುವಾಗ ಯಜಮಾನರಿಗೆ ನೂರು ಸಲ ಹೇಳಿದೆ, "ನನ್ನ ಸಾಲುಗಳಿಗೆ ಯಾರೂ ಕೈ ಹಾಕಬಾರದು. ಕಳೆ ಕೀಳಬಾರದು, ಕುಂಟೆ ಹೊಡೆಯಬಾರದು, ನೀರು ಹಾಯಿಸಬಾರದು."

"ಆಗ್ಲಿ ಸಾಮಿ. ಅಕ್ಕಯ್ಯಂಗೂ ಹೇಳ್ತೀನಿ" ಎಂದರು ಅವರು.

ಮಾಸ್ತಿಯಲ್ಲಿ ಜಡಿಮಳೆ ಹಿಡಿದು ಎಂಟು ದಿನವಾಯಿತು. ತಿರುಗಿ ಬಂದಾಗ ಸಂಜೆ. ಬದುವಿನ ಮೇಲೆ ನಿಂತು ನೋಡಿದೆ, ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ರೋಗ ಹರಡಲೆಂದು ಸುತ್ತ ಹಾಕಿದ್ದ ಅಕ್ಕಯ್ಯನ ರಾಗಿಯ ಅಂಚಿನ ಸಾಲುಗಳು ಸುಟ್ಟು ಕರಿಯಾಗಿವೆ, ನಡುವೆ ನನ್ನ ಹನ್ನೆರಡು ಸಾಲು ಒಂದು ಸಂದಿಲ್ಲದೆ ತುಂಬಿ ನಿಂತಿವೆ! ಅದರಲ್ಲೂ ಹಸಿರು, ಎಲ್ಲಿ ನೋಡಿದರೂ ಆರೋಗ್ಯವಾದ ಹಸಿರು ಪೈರು. ಪುಸ್ತಕ ಬಿಚ್ಚಿ ನೋಡಬೇಕು ಎಂಬ ಬುದ್ಧಿ ಯಾರಿಗೆ ಇತ್ತು? ಬದುವಿನ ಮೇಲೇ ಕೂತು ಕಾಗದ ಬರೆದೆ. 'ಹಸಿರು ಗಿಡಗಳು ಹೇರಳವಾಗಿ ರೋಗ ತಡೆದು ನಿಂತಿವೆ. ಬಣ್ಣಕ್ಕೂ ಗುಣಕ್ಕೂ ನಂಟಿಲ್ಲ. ತಾವು ದಯಮಾಡಿ ಬಂದು ನೋಡಬೇಕು.' ಮುಳಬಾಗಿಲಿಗೆ ತಿರುಗಿ ಸೈಕಲ್ಲು ತುಳಿದು, ಟಪಾಲು ಡಬ್ಬಕ್ಕೆ ಹಾಕಿ ಬಂದೆ. ದಾರಿಯುದ್ದಕ್ಕೂ ಹಾಡಿಕೊಂಡು ಬಂದದ್ದು ನೆನಪಿದೆ. ನನ್ನ ಕಂಠ ಹಾಡುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಅಕ್ಕಯ್ಯ ರೊಟ್ಟಿ ತಟ್ಟುತ್ತ ಕೇಳಿದರು, "ಹೊಲ ನೋಡಿದ್ರಾ ನಾಯ್ನಾ? ಹೆಂಗೈತೆ?"

"ಏನು ಹೇಳಲಿ ಅಕ್ಕಯ್ಯ, ನಮ್ಮ ಕೆಲಸ ಗೆದ್ದಿತು."

"ಗೆಲ್ದೇ ಏನು. ಮೊನ್ನೆ ಬೆಳಿಗ್ಗೆಯಿಂದ ಮಧ್ಯಾಹ್ನದ ತಂಕ ನಾನೊಬ್ಳೇ ಕೂತ್ಕೊಂಡು ತುಂಬಿದೀನಿ. ಸೊಂಟ ಇನ್ನೂ ಹಿಡ್ಕೊಂಡೈತೆ."

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಏನು ತುಂಬಿದಿರಿ?"

"ಸಂದು. ನೀವು ಅತ್ಲಾಗೆ ಹೋದ್ರಿ, ಇತ್ಲಾಗೆ ಒಂದೊಂದೇ ಸಾಯೋಕೆ ಸುರುವಾಯ್ತು. ನಾಲ್ಕಕ್ಕೊಂದು ಹೋಯ್ತು ನಾಯ್ನಾ. ನಿಮ್ಮ ದೊರೆ ಬಂದು ನೋಡಿದ್ರೆ ಏನಂತಾನೆ? ಈ ಹುಡುಗ ಹೊಲ ಕೆಡಿಸ್ದ ಅಂತ ಕೆಲಸ ಕಿತ್ತಾಕಿದ್ರೆ? ಜಡಿಮಳೆ ಬೇರೆ ಹಿಡ್ದಿತ್ತು, ಒಳ್ಳೇ ಹದ. ಸತ್ತಿದ್ನೆಲ್ಲಾ ಕಿತ್ತಾಕಿ, ನಮ್ಮ ಒಟ್ಲಿಂದ ಒಳ್ಳೊಳ್ಳೇ ಪೈರು ತಂದು ಇಟ್ಟೆ."

ಒಟ್ಲು ಎಂದರೆ ಅವರ ಸ್ವಂತ ರಾಗಿಯ ಸಸಿಮಡಿ. ಅಂದರೆ ಹಸಿರು. ನಾನು ಹುಡುಕುತ್ತಿದ್ದ, ಬದುಕುಳಿದ ಹಸಿರು ಮೊಮ್ಮಗುವಿಗೂ ಅಕ್ಕಯ್ಯ ಇಟ್ಟ ಹಸಿರು ಪೈರಿಗೂ ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸವಿಲ್ಲ.

"ಕೈ ಹಾಕಬಾರದು ಅಂತ ಹೇಳಿದ್ದೆನಲ್ಲ ಅಕ್ಕಯ್ಯ!" ಎಂದು ಕೂಗಿಬಿಟ್ಟೆ. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೊಂದೇ ಸಲ.

ಅಕ್ಕಯ್ಯ ಬೆರಗಾಗಿ ನೋಡಿದರು. "ಕಳೆ ಕೀಳ್ಬೇಡಿ ಅಂದ್ರಿ, ಕೀಳ್ಲಿಲ್ಲ. ಕುಂಟೆ ಬೇಡ ಅಂದ್ರಿ, ಹೊಡೀಲಿಲ್ಲ. ಸಂದು ತುಂಬೋದೂ ಕೈ ಹಾಕಿದಂಗಾ? ಸಂದು ಬಿಟ್ಟ ಹೊಲ ನೋಡ್ಕೊಂಡು ಯಾರಾದ್ರೂ ಉಣ್ಣೋಕಾಯ್ತದಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಸೀಮೆಯಲ್ಲಿ ಸತ್ತ ಪೈರಿನ ಜಾಗ ತುಂಬುವುದು ಕೆಲಸದ ಲೆಕ್ಕಕ್ಕೇ ಇಲ್ಲ, ಮನೆ ಮುಂದೆ ಕಸ ಗುಡಿಸಿದ ಹಾಗೆ. ಬೇಡವೆಂದು ಬಾಯಿಬಿಟ್ಟು ಹೇಳದೆ ಹೋದವನು ನಾನು. ಆದರೆ ಆ ಹೊತ್ತಿಗೆ ಇಷ್ಟೆಲ್ಲ ಹೊಳೆಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದುಕೊಂಡು ಹೋಗಿ ಬದುವಿನ ಮೇಲೆ ತಲೆ ಹಿಡಿದು ಕೂತೆ. ಸುಮ್ಮನಿದ್ದುಬಿಡೋಣ ಎಂಬ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಕಾಗದ ಹೋಗಿಯಾಗಿತ್ತು, ಹೊಲ ಚೆನ್ನಾಗಿ ಕಾಣುತ್ತಿತ್ತು. ಆದರೆ ಸುಮ್ಮನಿದ್ದರೆ ಅಕ್ಕಯ್ಯನ ಹಳೆಯ ರಾಗಿಯೇ ಹೊಸ ಹೆಸರು ಹೊತ್ತು ಅವರ ಮಡಕೆಗೆ ತಿರುಗಿ ಬರುತ್ತದೆ, ಮುಂದಿನ ವರ್ಷ ಮತ್ತೆ ಸುಡುತ್ತದೆ. ಆಮೇಲೆ ಯಜಮಾನರು ಅದನ್ನು ಒಳಗೆ ಬಿಡುವುದಿಲ್ಲ.

ಆಗ ಪುಸ್ತಕ ಬಿಚ್ಚಿದೆ. ಮೂರನೇ ಸಾಲು, ಏಳನೇ ಗುಳಿ: 'ನೇ' ಎಂದು ಬರೆದಿದೆ, ನಿಂತಿರುವುದು ಹಸಿರು. ಹನ್ನೊಂದನೆಯದೂ ಹಾಗೇ. ಅಂದರೆ ಅಲ್ಲಿದ್ದ ನೇರಳೆ ಸತ್ತಿದೆ, ಅಕ್ಕಯ್ಯ ತುಂಬಿದ್ದಾರೆ. ನಿಧಾನವಾಗಿ ತಲೆಗೆ ಹತ್ತಿತು: ಅಕ್ಕಯ್ಯ ತುಂಬಿದ ಜಾಗವೇ ಸತ್ತ ಗಿಡದ ಜಾಗ. ಸತ್ತ ಗಿಡದ ಬಣ್ಣ ನನ್ನ ಪುಸ್ತಕದಲ್ಲಿದೆ. ಎಲ್ಲೆಲ್ಲಿ ತುಂಬಿದರು ಎಂದು ತಿಳಿದರೆ ಲೆಕ್ಕ ಇನ್ನೂ ಬದುಕಿದೆ. ಕಷ್ಟ ಇರುವುದು ಪುಸ್ತಕದಲ್ಲಿ 'ಹ' ಎಂದಿದ್ದು ಈಗಲೂ ಹಸಿರಾಗಿರುವ ಗುಳಿಗಳಲ್ಲಿ. ಅಲ್ಲಿ ಅಕ್ಕಯ್ಯನ ನೆನಪೊಂದೇ ಗತಿ.

"ನಾನಿಟ್ಟ ಪೈರು ನಂಗೆ ಗೊತ್ತಾಗಲ್ವಾ?" ಎಂದರು ಅವರು, ಸ್ವಲ್ಪ ಮುನಿಸಿನಿಂದಲೇ. ಸೆರಗು ಸಿಕ್ಕಿಸಿ ಸಾಲಿಗಿಳಿದರು. ಕೆಲಸಕ್ಕೆ ಕೈ ಹಚ್ಚಿದರೆ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ಬಗ್ಗಿ ಒಂದೊಂದನ್ನೇ ಮುಟ್ಟುತ್ತ ಹೋದರು: "ಇದಿ ನಾದಿ. ಇದಿ ನಾದಿ ಕಾದು. ಕಾದು. ಕಾದು. ಇದಿ ನಾದಿ." ಇದು ನನ್ನದು, ಇದು ನನ್ನದಲ್ಲ. ನಾನು ಹಿಂದೆ ಹಿಂದೆ ಗುರುತು ಹಾಕಿಕೊಳ್ಳುತ್ತ ನಡೆದೆ. ಪುಸ್ತಕದಲ್ಲಿ ನೇರಳೆಯೆಂದು ಬರೆದು ಈಗ ಹಸಿರಿರುವ ಗುಳಿಯಲ್ಲಿ ಒಂದನ್ನೂ ಅವರು ಬಿಡಲಿಲ್ಲ. ನಾನು ಏನು ಬರೆದಿದ್ದೇನೆಂದು ಅವರಿಗೆ ಹೇಳಿರಲಿಲ್ಲ, ಹೇಳಿದ್ದರೂ ಅವರಿಗೆ ಓದು ಬರುತ್ತಿರಲಿಲ್ಲ. ಹನ್ನೆರಡನೇ ಸಾಲು ಮುಗಿಯುವಷ್ಟರಲ್ಲಿ ನನ್ನ ಕೋಪವೆಲ್ಲ ಇಳಿದು, ಅವರ ಕಾಲಿಗೆ ಬೀಳಬೇಕೆನ್ನುವ ಹಾಗಾಗಿತ್ತು.

ಮೂರನೇ ದಿನ ಸಾಹೇಬರು ಬಂದರು. ಮುಳಬಾಗಿಲಿನವರೆಗೆ ಬಸ್ಸು, ಅಲ್ಲಿಂದ ಯಜಮಾನರ ಗಾಡಿ. ಇಳಿದವರ ಮುಖದಲ್ಲಿ ಅಪರೂಪದ ಗೆಲುವಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಗೆಲುವು ಇಳಿಯಿತು.

"ಕಾಗದ ಬರೆಯುವ ಮೊದಲು ಪುಸ್ತಕ ನೋಡಬಾರದಾಗಿತ್ತೇನಯ್ಯಾ?"

"ತಪ್ಪಾಯಿತು ಸಾರ್."

"ತಪ್ಪು ಆಮೇಲೆ. ಈಯಮ್ಮನ ನೆನಪಿಗೆ ಸಾಕ್ಷಿ ಏನು?"

ಸಾಕ್ಷಿ ಮಣ್ಣಿನೊಳಗಿತ್ತು, ಅದನ್ನು ಅವರೇ ಹೇಳಿದರು. ಗುಳಿಯಲ್ಲಿ ಮೊಳೆತ ಗಿಡದ ಬುಡ ನೆಟ್ಟಗಿರುತ್ತದೆ. ಕಿತ್ತು ನೆಟ್ಟ ಪೈರನ್ನು ಹೆಬ್ಬೆರಳಿನಿಂದ ಒತ್ತಿರುತ್ತಾರೆ, ಅದರ ಬುಡ ಮಂಡಿಯ ಹಾಗೆ ಬಾಗಿರುತ್ತದೆ. ಎಲ್ಲವನ್ನೂ ಕೆದಕಿದರೆ ಗಿಡ ಉಳಿಯುವುದಿಲ್ಲ. ಇಪ್ಪತ್ತನ್ನು ನೋಡೋಣ ಎಂದರು. ಯಾವ ಇಪ್ಪತ್ತು ಎಂದು ಅವರೇ ಆರಿಸಿದರು. ಅಕ್ಕಯ್ಯ ಹೇಳಬೇಕು, ನಾನು ಕಳೆ ಕೀಳುವ ಚಿಕ್ಕ ಕುರ್ಚಿಗೆಯಿಂದ ಒಂದು ಮಗ್ಗುಲು ಮಣ್ಣು ಬಿಡಿಸಬೇಕು, ಅವರು ಬಗ್ಗಿ ನೋಡಬೇಕು.

"ಇದಿ ನಾದಿ." ಬುಡ ಬಾಗಿತ್ತು. "ಇದಿ ನಾದಿ ಕಾದು." ನೆಟ್ಟಗಿತ್ತು. ಒಂದಾದ ಮೇಲೊಂದು ಹದಿನಾರು ನೋಡಿದೆವು, ಹದಿನಾರೂ ಸರಿ. ಸಾಹೇಬರ ಮುಖ ಸಡಿಲವಾಗುತ್ತ ಬಂತು. ಹದಿನೇಳನೆಯದಕ್ಕೆ ಅವರು ಎಂಟನೇ ಸಾಲಿನ ಕೊನೆಗೆ ಹೋಗಿ ಒಂದು ಹಸಿರು ಗಿಡ ತೋರಿಸಿದರು.

"ಕಾದು" ಎಂದರು ಅಕ್ಕಯ್ಯ.

ನಾನು ಮಣ್ಣು ಬಿಡಿಸಿದೆ. ಬುಡ ಬಾಗಿತ್ತು.

"ಇನ್ನೊಂದ್ಸಲ ನೋಡಿ ಹೇಳಿ ಅಮ್ಮ" ಎಂದರು ಸಾಹೇಬರು.

"ನಂದಲ್ಲ ಸಾಮಿ."

"ಬುಡ ಬಾಗಿದೆಯಲ್ಲ. ನೆಟ್ಟ ಪೈರೇ ಇದು." ಅವರು ಎದ್ದು ನಿಂತು ಕೈ ಕೊಡವಿದರು. "ಒಂದು ತಪ್ಪಿದರೆ ಎಷ್ಟು ತಪ್ಪಿದೆಯೋ ಯಾರಿಗೆ ಗೊತ್ತು? ಈ ಲೆಕ್ಕ ನಾನು ಹೇಗೆ ಬರೆಯಲಿ? ಬಿಡು, ಹೊಲ ಮುಚ್ಚಿಬಿಡೋಣ."

ಅಕ್ಕಯ್ಯ ಬಗ್ಗಿ ಆ ಗಿಡವನ್ನು ಮತ್ತೆ ಮುಟ್ಟಿ ನೋಡಿದರು. ತಮ್ಮ ಹೆಬ್ಬೆರಳನ್ನು ತಾವೇ ನೋಡಿಕೊಂಡರು. "ನಂಗೇ ಮರ್ತೋಯ್ತೇನೋ" ಎಂದರು ಸಣ್ಣಗೆ. "ವಯಸ್ಸಾಯ್ತು ನೋಡಿ. ಇಟ್ಟಿದ್ನೇನೋ."

ಅವರು ಇಟ್ಟಿರಲಿಲ್ಲ. ಇಟ್ಟವನು ನಾನು. ಇದನ್ನು ಮೊದಲೇ ಹೇಳಬೇಕಿತ್ತು. ಆಗಲೂ ಹೇಳಲಿಲ್ಲ, ಇಲ್ಲಿ ಬರೆಯುವಾಗಲೂ ಮುಂದೂಡುತ್ತಲೇ ಬಂದೆ. ಬಣ್ಣ ಬರೆದುಕೊಂಡ ದಿನ ಎಂಟನೇ ಸಾಲಿನ ಕೊನೆಯಲ್ಲಿ ಕಾಲು ಜಾರಿ ಒಂದು ಹಸಿರು ಸಸಿಯನ್ನು ತುಳಿದು ಮುರಿದಿದ್ದೆ. ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆಂದು ಅದೇ ಬೀಜ ಮಿಕ್ಕದ್ದನ್ನು ಚೆಲ್ಲಿದ್ದ ಮೂಲೆಯಿಂದ ಒಂದು ಹಸಿರು ಪೈರು ಕಿತ್ತು ಅಲ್ಲಿ ಒತ್ತಿದ್ದೆ. ಪುಸ್ತಕದಲ್ಲಿ ಬರೆಯಲಿಲ್ಲ. ಅಂದರೆ ಅಕ್ಕಯ್ಯ ಪ್ರೀತಿಗೆ ಮಾಡಿದ್ದನ್ನು ನಾನು ಅಂದಗೇಡಾಗಬಾರದೆಂದು ಮಾಡಿದ್ದೆ, ಅದೂ ಅವರಿಗಿಂತ ಮೊದಲು, ಎಲ್ಲ ತಿಳಿದವನಾಗಿ. ಅವರ ಮೇಲೆ ಕೂಗಾಡಿದಾಗಲೂ ಇದು ನನಗೆ ನೆನಪಿತ್ತು. ಮುನ್ನೂರ ಅರವತ್ತರಲ್ಲಿ ಒಂದು, ಯಾರಿಗೆ ತಿಳಿಯುತ್ತದೆ ಎಂದು ನುಂಗಿಕೊಂಡಿದ್ದೆ.

ಮೂವತ್ತು ವರ್ಷ ಬೀಜಕ್ಕೆ ತೆನೆ ಆರಿಸಿದ ಕೈಯನ್ನು ಅವರು ಅನುಮಾನದಿಂದ ನೋಡಿಕೊಳ್ಳುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಅಕ್ಕಯ್ಯ ಹೇಳಿದ್ದು ಸರಿ ಸಾರ್. ಇದು ಅವರದಲ್ಲ, ನಾನು ನೆಟ್ಟದ್ದು" ಎಂದೆ. ಹೇಗೆ, ಯಾವಾಗ, ಎಲ್ಲ ಹೇಳಿದೆ.

ಸಾಹೇಬರು ಬಿಡಿಸಿದ ಮಣ್ಣನ್ನು ತಾವೇ ಬಗ್ಗಿ ಆ ಬುಡಕ್ಕೆ ಮುಚ್ಚಿದರು. ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಬರಿ. ನಿನ್ನ ಅಕ್ಷರದಲ್ಲೇ ಬರಿ, ಕೆಳಗೆ ಸಹಿ ಹಾಕು. ಈ ಗುಳಿ ಯಾವ ಲೆಕ್ಕಕ್ಕೂ ಬೇಡ" ಎಂದರು. ನಾನು ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಈಯಮ್ಮನ ಕೈಗಿರುವ ನೆನಪು ನಿನ್ನ ಪುಸ್ತಕಕ್ಕಿಲ್ಲವಲ್ಲಯ್ಯಾ" ಎಂದರು. ಉಳಿದ ಮೂರನ್ನೂ ನೋಡಿಯೇ ನೋಡಿದರು. ಮೂರೂ ಸರಿಯಾಗಿದ್ದವು.

ಅಕ್ಕಯ್ಯ ನನ್ನ ಕಡೆ ತಿರುಗಿ, ಸಾಹೇಬರಿಗೆ ಕೇಳದಂತೆ, "ನೀವೂ ತುಂಬಿದ್ರಾ ಕಳ್ಳ ನಾಯ್ನಾ!" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನೆಂಟ ಸಿಕ್ಕ ಸಂತೋಷವಿತ್ತು.

ಅಂದು ಮಧ್ಯಾಹ್ನ ಜಗಲಿಯ ಮೇಲೆ ಕೂತು ಸಾಹೇಬರೇ ಲೆಕ್ಕ ಹಾಕಿದರು. ಅಕ್ಕಯ್ಯ 'ನಾದಿ' ಎಂದ ಗುಳಿಗಳಲ್ಲಿ ಪುಸ್ತಕ ಏನನ್ನುತ್ತದೆ? ನೇರಳೆ ಮೂರು ಪಾಲು, ಹಸಿರು ಒಂದು ಪಾಲು, ಹೆಚ್ಚುಕಮ್ಮಿ ಹಾಗೇ ಬಂತು. ರೋಗ ಬಣ್ಣ ನೋಡಿ ಕೊಂದಿರಲಿಲ್ಲ. ಬಣ್ಣ ಒಂದು ಗಾಡಿಯಲ್ಲಿ, ಗಟ್ಟಿತನ ಇನ್ನೊಂದರಲ್ಲಿ ಬಂದಿತ್ತು. ನನ್ನ ಕಾಗದದಲ್ಲಿ ಬರೆದ ಮಾತು ಸುಳ್ಳು ಕಾರಣಕ್ಕೆ ಬರೆದದ್ದಾದರೂ ನಿಜವೇ ಆಗಿತ್ತು. ಸಾಹೇಬರು ನನ್ನನ್ನು ಅದಕ್ಕಾಗಿ ಹೊಗಳಲಿಲ್ಲ. ಊಟಕ್ಕೆ ಮಾತ್ರ ಎರಡು ಮುದ್ದೆ ಕೇಳಿ ಹಾಕಿಸಿಕೊಂಡರು.

ತಾನಾಗಿ ಬದುಕಿ ನಿಂತ ಹಸಿರು ಗಿಡಗಳಿಗೆ ನೂಲು ಕಟ್ಟಿದೆವು, ಅಕ್ಕಯ್ಯನ ಪೈರನ್ನೆಲ್ಲ ಅವರ ಕೈಯಲ್ಲೇ ಕೀಳಿಸಿದೆವು. ಕೀಳುವಾಗ ಅವರು ಬೈದ ತೆಲುಗು ಬೈಗುಳದಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಆಗದಿದ್ದದ್ದೇ ಒಳ್ಳೆಯದಾಯಿತು. ತೆನೆ ಬಂದ ಮೇಲೆ ಕುತ್ತಿಗೆ ಕಪ್ಪಾದ ಕೆಲವನ್ನು ಬಿಟ್ಟೆವು. ಉಳಿದವುಗಳಲ್ಲಿ ಮುಷ್ಟಿ ತೆನೆ ಯಾವುದು ಎಂದು ಆರಿಸುವ ಕೆಲಸವನ್ನು ಸಾಹೇಬರು ನನಗೆ ಬಿಡದೆ ಅಕ್ಕಯ್ಯನಿಗೆ ಬಿಟ್ಟರು. ಅವರು ಒಂಬತ್ತು ತೆನೆ ಆರಿಸಿದರು. ಯಜಮಾನರು ಒಂಬತ್ತು ತೆನೆಗಳನ್ನೂ ಅಂಗೈಯಲ್ಲಿಟ್ಟು ನೋಡಿ, "ಇಷ್ಟಕ್ಕೆ ಇಷ್ಟು ಗಲಾಟೇನಾ?" ಎಂದರು. ಆದರೆ ಬೇರೆ ಬೀಜ ತರಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಆ ವರ್ಷ ನನಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಬೇಸಿಗೆಯಲ್ಲಿ ಮಾಲೂರಿಗೆ ವರ್ಗವಾಯಿತು. ಒಂಬತ್ತು ತೆನೆಗಳ ಮುಂದಿನ ಕೆಲಸವನ್ನು ಬೇರೊಬ್ಬರು ನೋಡಿಕೊಂಡರು. ಎರಡು ವರ್ಷ ಸಾಲು ಸಾಲಾಗಿ ಬಿತ್ತಿ ಪರೀಕ್ಷಿಸಿ, ಒಳ್ಳೆಯದೆಂದು ಕಂಡ ಒಂದರ ಬೀಜವನ್ನು ಅಕ್ಕಯ್ಯನ ಮನೆಗೂ ಕೊಟ್ಟರೆಂದು ಕೇಳಿದೆ. ಅಷ್ಟರಲ್ಲಿ ಯುದ್ಧ ಬಂತು, ಸೈಕಲ್ಲಿಗೆ ಟೈರು ಸಿಗುವುದೇ ದುಸ್ತರವಾಯಿತು, ಆ ಕಡೆ ಹೋಗಲಾಗಲಿಲ್ಲ.

ಹೋದದ್ದು ಇನ್ನೊಂದು ವರ್ಷ ಬಿಟ್ಟು, ರಾಗಿ ತೆನೆ ಹೊರಟಿದ್ದ ಕಾಲದಲ್ಲಿ. ಆ ಸಲ ಮೋಡ ಕವಿದು ಹದಿನೈದು ದಿನ ಜಿನುಗಿತ್ತು, ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಮುಳಬಾಗಿಲಿನಿಂದ ನಡೆಯುತ್ತ ಹೋದರೆ ಎರಡು ಕಡೆಯೂ ತೆನೆಗಳು ಜೋತುಬಿದ್ದಿದ್ದವು. ಅಕ್ಕಯ್ಯನ ಹೊಲದ ಬದು ಹತ್ತಿದೆ. ಹಸಿರು ಕಾಂಡ, ಮುಷ್ಟಿ ತೆನೆ. ಇಡೀ ಹೊಲ ನೆಟ್ಟಗೆ ನಿಂತಿತ್ತು. ಕಣ್ಣು ಮಂಜಾಯಿತು, ಯಾರೂ ಇಲ್ಲವೆಂದು ಒರೆಸಿಕೊಳ್ಳದೆ ಹಾಗೇ ಬಿಟ್ಟೆ.

ಆಮೇಲೆ ಹೊಲದೊಳಗೆ ಏನೋ ಕಣ್ಣಿಗೆ ಕುಕ್ಕಿತು. ಅಲ್ಲೊಂದು ಇಲ್ಲೊಂದು ಸಂದು. ಎಳೆಯದಾಗಿದ್ದಾಗಲೇ ಸತ್ತ ಪೈರು ಒಣಗಿ ದಾರದ ಹಾಗಾಗಿ ಅಲ್ಲಲ್ಲೇ ನಿಂತಿತ್ತು. ಯಾರೂ ಕಿತ್ತಿರಲಿಲ್ಲ, ಯಾರೂ ತುಂಬಿರಲಿಲ್ಲ. ಅಕ್ಕಯ್ಯನಿಗೆ ಮೈಯಲ್ಲಿ ಸರಿಯಿಲ್ಲವೇನೋ ಎಂದು ಗಾಬರಿಯಾಯಿತು. ಅಷ್ಟರಲ್ಲಿ ಅವರೇ ಮಕ್ಕರಿ ಹೊತ್ತು ಹಿಂದಿನಿಂದ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಇದೇನು ಅಕ್ಕಯ್ಯ, ಸಂದು ಹಾಗೇ ಬಿಟ್ಟಿದ್ದೀರಿ?"

"ಮತ್ತೆ? ನೀವು ಬಂದ್ರೆ ಎಣಿಸ್ಬೇಕಲ್ಲ ನಾಯ್ನಾ. ಮೂರು ವರ್ಷದಿಂದ ಒಂದೂ ತುಂಬಿಲ್ಲ. ಅಕ್ಕಯ್ಯಂಗೆ ಕೈಲಾಗಲ್ಲ ಅಂತ ಊರೆಲ್ಲಾ ನಗ್ತೈತೆ, ನಗ್ಲಿ." ಮಕ್ಕರಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ನೀವು ಹೋದ್ಸಲಾನೂ ಬರ್ಲಿಲ್ಲ, ಅದ್ರ ಹಿಂದಿನ್ಸಲಾನೂ ಬರ್ಲಿಲ್ಲ."

ನನ್ನ ಹತ್ತಿರ ಪುಸ್ತಕವಿರಲಿಲ್ಲ. ಅದು ನನ್ನ ಕೆಲಸವೂ ಆಗಿರಲಿಲ್ಲ, ಆ ಲೆಕ್ಕ ಯಾರಿಗೂ ಬೇಕಾಗಿಯೂ ಇರಲಿಲ್ಲ. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಮೊದಲನೇ ಸಾಲಿನಿಂದ ಎಣಿಸತೊಡಗಿದೆ.